ಮಣ್ಣು ಕಾಯುವ ಹುಲ್ಲು

ಅಲ್ಪವಾದುದನ್ನು, ಬೆಲೆಯಿಲ್ಲದುದನ್ನು ಹುಲ್ಲಿಗೆ ಹೋಲಿಸುವುದು ಬಹುಕಾಲದಿಂದ ಬಂದ ರೂಢಿ. 'ತೃಣಸಮಾನ' ಎಂಬ ಮಾತೂ 'ಹುಲ್ಲುಕಡ್ಡಿಯಂತೆ ಕಂಡರು' ಎಂಬ ನುಡಿಯೂ ಹುಟ್ಟಿದ್ದು ಈ ಉಪೇಕ್ಷೆಯಿಂದಲೇ. ಆದರೆ ಮನುಷ್ಯನು ಉಣ್ಣುವ ಭತ್ತ, ರಾಗಿ, ಜೋಳ, ಗೋಧಿಗಳೆಲ್ಲವೂ ಹುಲ್ಲಿನ ಕುಲಕ್ಕೆ ಸೇರಿದವು. ಸಿಹಿಯನ್ನು ಕೊಡುವ ಕಬ್ಬೂ ಒಂದು ಹುಲ್ಲು. ಮನೆಗೆ ಆಸರೆಯಾಗುವ ಬಿದಿರೂ ಒಂದು ಹುಲ್ಲು. ಅನ್ನ ಕೊಡುವ ಹುಲ್ಲುಗಳನ್ನು ಮನುಷ್ಯನು ಆದರಿಸಿ ಬೆಳೆಸಿದ್ದಾನೆ. ಆ ಅನ್ನವು ಬೆಳೆಯುವ ಮಣ್ಣನ್ನೇ ಹಿಡಿದು ನಿಲ್ಲಿಸುವ ಕಾಡುಹುಲ್ಲೊಂದಿದೆ. ಅದರ ಹೆಸರು ಲಾವಂಚ.

ಮುಂಗಾರಿನ ಮೊದಲ ಬಿರುಮಳೆ ಸುರಿದಾಗ ಇಳಿಜಾರಾದ ಕೆಮ್ಮಣ್ಣಿನ ಹೊಲವೊಂದನ್ನು ನೋಡಬೇಕು. ಬೇಸಿಗೆಯಲ್ಲಿ ಉತ್ತು ಸಡಿಲಗೊಂಡ ನೆಲದ ಮೇಲೆ ದಪ್ಪ ಹನಿಗಳು ಅಪ್ಪಳಿಸುತ್ತವೆ. ಮಣ್ಣಿನ ಹೆಂಟೆ ಒಡೆದು ಕಣಕಣವಾಗುತ್ತದೆ. ಇಂಗಲಾರದ ನೀರು ಇಳಿಜಾರಿನತ್ತ ಹರಿಯತೊಡಗುತ್ತದೆ. ಹನಿಗೂಡಿದರೆ ಹಳ್ಳ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಗುತ್ತದೆ. ಮೇಲ್ಭಾಗದಲ್ಲಿ ತೆಳುವಾಗಿ ಹೊರಟ ನೀರು ಕೆಳಗಿಳಿದಂತೆ ಒಟ್ಟುಗೂಡಿ ವೇಗವನ್ನು ಪಡೆಯುತ್ತದೆ. ನೀರಿನ ವೇಗ ಎರಡರಷ್ಟಾದರೆ ಅದರ ಚಲನಶಕ್ತಿ ನಾಲ್ಕರಷ್ಟಾಗುತ್ತದೆ. ಹೀಗೆ ಬಲಗೊಂಡ ನೀರು ಹೊಲದಿಂದ ಹೊರಬೀಳುವಾಗ ಕೆಂಪಗೆ ಇರುತ್ತದೆ. ಆ ಕೆಂಪು ಬಣ್ಣವೇ ರೈತನ ಸಂಪತ್ತು. ಹಾಕಿದ ಗೊಬ್ಬರದ ಸಾರವೂ ಅದರೊಡನೆ ತೊಳೆದುಹೋಗುತ್ತದೆ.

೧೯೮೩ರಲ್ಲಿ ಪ್ರಕಟವಾದ ಒಂದು ಅಂದಾಜಿನ ಪ್ರಕಾರ, ಭಾರತದಲ್ಲಿ ಪ್ರತಿವರ್ಷ ಸುಮಾರು ೫೩೩ ಕೋಟಿ ಟನ್ ಮಣ್ಣು ತನ್ನ ನೆಲೆಯಿಂದ ಕದಲುತ್ತದೆ. ಸರಾಸರಿ ಲೆಕ್ಕದಲ್ಲಿ ಇದು ಹೆಕ್ಟೇರಿಗೆ ೧೬ ಟನ್ನಿಗಿಂತ ತುಸು ಹೆಚ್ಚು. ಕದಲಿದ ಮಣ್ಣಿನಲ್ಲಿ ನೂರಕ್ಕೆ ೨೯ ಭಾಗ ಸಮುದ್ರವನ್ನು ಸೇರಿ ಶಾಶ್ವತವಾಗಿ ನಷ್ಟವಾಗುತ್ತದೆ. ನೂರಕ್ಕೆ ೧೦ ಭಾಗ ಜಲಾಶಯಗಳ ತಳದಲ್ಲಿ ಹೂಳಾಗಿ ಕೂರುತ್ತದೆ. ಹೆಕ್ಟೇರಿಗೆ ೧೬ ಟನ್ ಎಂದರೆ ಹೊಲದ ಮೈಮೇಲಿನ ಸುಮಾರು ಒಂದು ಮಿಲಿಮೀಟರ್ ದಪ್ಪದ ಪದರ. ಒಂದು ವರ್ಷದಲ್ಲಿ ಅದು ಕಣ್ಣಿಗೆ ಕಾಣುವುದಿಲ್ಲ. ಆದರೆ ಒಂದು ಅಂಗುಲ ಮೇಲ್ಮಣ್ಣು ಸಿದ್ಧವಾಗಲು ಪ್ರಕೃತಿಗೆ ನೂರಾರು ವರ್ಷಗಳು ಬೇಕು; ಅದು ತೊಳೆದುಹೋಗಲು ಒಬ್ಬ ರೈತನ ಜೀವಿತಕಾಲವೇ ಸಾಕು. ತಂದೆ ಉತ್ತ ಹೊಲ ಮಗನಿಗೆ ಬರುವ ವೇಳೆಗೆ ಕಲ್ಲುಗಳು ಎದ್ದು ಕಾಣುವ ಬರಡಾಗಿದ್ದರೆ ಅದಕ್ಕೆ ಕಾರಣ ಈ ಕಾಣದ ಕಳವು.

ಇದನ್ನು ತಡೆಯಲು ಮಣ್ಣಿನ ಒಡ್ಡುಗಳನ್ನು ಹಾಕುವುದು ವಾಡಿಕೆ. ಒಡ್ಡುಗಳು ಉಪಯುಕ್ತವೇ ಸರಿ. ಆದರೆ ಒಡ್ಡು ಹಾಕಲು ಆ ಹೊಲದ ಮಣ್ಣನ್ನೇ ಅಗೆಯಬೇಕು. ಒಡ್ಡಿನ ಅಗಲದಷ್ಟು ಜಾಗ ಬೆಳೆಗೆ ಇಲ್ಲವಾಗುತ್ತದೆ. ಹಳೆಯದಾದಂತೆ ಅದು ಕುಸಿಯುತ್ತದೆ. ಜೋರು ಮಳೆಗೆ ಒಂದು ಕಡೆ ಒಡೆದರೆ, ತಡೆದು ನಿಂತಿದ್ದ ನೀರೆಲ್ಲ ಆ ಒಂದೇ ಬಾಯಿಯಿಂದ ನುಗ್ಗಿ ಕೊರಕಲನ್ನು ಮಾಡುತ್ತದೆ. ಮಣ್ಣಿನ ಒಡ್ಡು ದಿನದಿಂದ ದಿನಕ್ಕೆ ಸವೆಯುವ ವಸ್ತು. ದಿನದಿಂದ ದಿನಕ್ಕೆ ಬಲಿಯುವ ಒಡ್ಡೊಂದು ಇದ್ದರೆ?

ಅಂಥ ಒಡ್ಡನ್ನು ಕರ್ನಾಟಕದ ರೈತರು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಇಂದು ಚಾಮರಾಜನಗರ ಜಿಲ್ಲೆಗೆ ಸೇರಿರುವ, ೧೯೯೭ರವರೆಗೆ ಮೈಸೂರು ಜಿಲ್ಲೆಯಲ್ಲಿದ್ದ ಗುಂಡ್ಲುಪೇಟೆಯ ಸೀಮೆಯಲ್ಲಿ ಹೊಲಹೊಲಗಳ ನಡುವಣ ಎಲ್ಲೆಯಾಗಿ ಲಾವಂಚದ ಸಾಲನ್ನು ನೆಡುವುದು ತಲೆಮಾರುಗಳಿಂದ ಬಂದ ಪದ್ಧತಿ. ಈ ಸಾಲು ಒಮ್ಮೆ ಬೇರೂರಿತೆಂದರೆ ಎಲ್ಲೆಕಲ್ಲಿಗಿಂತ ಭದ್ರ. ಕಲ್ಲನ್ನು ರಾತ್ರೋರಾತ್ರಿ ಸರಿಸಬಹುದು. ಆಳಕ್ಕಿಳಿದ ಬೇರಿನ ಸಾಲನ್ನು ಸರಿಸಲಾಗದು. ಅಲ್ಲಿನ ರೈತರು ಹೊಲ ಉಳುವಾಗ ಸಾಲಿನ ಅಂಚಿಗೇ ನೇಗಿಲನ್ನು ಹಾಯಿಸಿ ಅದು ಅಗಲವಾಗದಂತೆ ನೋಡಿಕೊಂಡರು. ಎಳೆಯ ಗರಿಗಳನ್ನು ಆಗಾಗ ಕೊಯ್ದು ದನಗಳಿಗೆ ಹಾಕಿದರು. ನೂರು ವರ್ಷಕ್ಕೂ ಮಿಕ್ಕಿದ ಬಳಕೆಯ ನಂತರವೂ ಆ ಸಾಲುಗಳು ಕಿರಿದಾಗಿ, ದಟ್ಟವಾಗಿ ನಿಂತಿದ್ದುದನ್ನು ಕಂಡು ಮುಂದೆ ಹೊರನಾಡಿನ ತಜ್ಞರು ಬೆರಗಾದರು. ಬೇಲಿಯೇ ಎದ್ದು ಹೊಲ ಮೇಯುವುದುಂಟೆಂದು ಗಾದೆ ಹೇಳುತ್ತದೆ. ಹೊಲವನ್ನು ಮೇಯದೆ ಕಾಯುವ ಬೇಲಿ ಇದು.

ಲಾವಂಚಕ್ಕೆ ಕನ್ನಡದಲ್ಲಿ ಲಾಮಂಚ, ಮುಡಿವಾಳ ಎಂಬ ಹೆಸರುಗಳೂ ಇವೆ. ಸಂಸ್ಕೃತದಲ್ಲಿ ಇದರ ಬೇರು 'ಉಶೀರ', ಹಿಂದಿಯಲ್ಲಿ 'ಖಸ್'. ಕಾಳಿದಾಸನ 'ಅಭಿಜ್ಞಾನ ಶಾಕುಂತಲ'ದ ಮೂರನೆಯ ಅಂಕದಲ್ಲಿ ಶಕುಂತಲೆಯ ತಾಪವನ್ನು ಶಮನಗೊಳಿಸಲು ಒಯ್ಯುವ ಲೇಪನ ಈ ಉಶೀರದ್ದೇ. 'ವೆಟ್ಟಿವೇರ್' ಎಂಬ ತಮಿಳು ಹೆಸರು ಸಮುದ್ರವನ್ನು ದಾಟಿ 'ವೆಟಿವರ್' ಎಂದಾಗಿ ಲೋಕದ ಹಲವು ಭಾಷೆಗಳಲ್ಲಿ ನೆಲೆಗೊಂಡಿದೆ. ಸಸ್ಯವಿಜ್ಞಾನಿಗಳು ಇದನ್ನು ಮೊದಲು ವೆಟಿವೇರಿಯಾ ಎಂಬ ಕುಲದಲ್ಲಿ ಸೇರಿಸಿದ್ದರು. ಈಗ ಇದರ ಶಾಸ್ತ್ರೀಯ ನಾಮ ಕ್ರೈಸೊಪೊಗಾನ್ ಜಿಜಾನಿಯಾಯ್ಡಿಸ್. ಜೋಳ, ಕಬ್ಬು, ನಿಂಬೆಹುಲ್ಲುಗಳು ಇದರ ಹತ್ತಿರದ ಬಂಧುಗಳು. ಭಾರತದ ನದೀತೀರಗಳಲ್ಲಿ, ಜೌಗುನೆಲಗಳಲ್ಲಿ ಇದು ತಾನಾಗಿ ಬೆಳೆಯುತ್ತದೆ.

ಲಾವಂಚ ಬಹುವಾರ್ಷಿಕ ಸಸ್ಯ. ಗರಿಗಳು ನೀಳವಾಗಿ, ಬಿರುಸಾಗಿ, ಸುಮಾರು ಒಂದೂವರೆ ಮೀಟರ್ ಎತ್ತರಕ್ಕೆ ನೇರವಾಗಿ ನಿಲ್ಲುತ್ತವೆ. ಆದರೆ ಇದರ ಮಹಿಮೆಯಿರುವುದು ನೆಲದ ಮೇಲೆ ಅಲ್ಲ, ಕೆಳಗೆ. ಅನೇಕ ಹುಲ್ಲುಗಳ ಬೇರು ಮೇಲುಪದರದಲ್ಲಿಯೇ ಹರಡಿಕೊಳ್ಳುತ್ತದೆ. ಲಾವಂಚದ ಬೇರು ಹಾಗಲ್ಲ. ಅದು ತೆರೆ ಇಳಿಬಿಟ್ಟಂತೆ ನೇರವಾಗಿ ಕೆಳಗಿಳಿಯುತ್ತದೆ. ನೆಲ ಅನುಕೂಲವಾಗಿದ್ದರೆ ಮೂರು ಮೀಟರ್ ಆಳವನ್ನು ಮುಟ್ಟುತ್ತದೆ. ಪರೀಕ್ಷೆಗಳಲ್ಲಿ ಈ ಬೇರಿನ ಎಳೆತವನ್ನು ತಾಳುವ ಬಲ ಮೃದು ಉಕ್ಕಿನ ಆರನೆಯ ಒಂದು ಭಾಗದಷ್ಟು ಎಂದು ತಿಳಿದುಬಂದಿತು. ಬೇರು ಪಕ್ಕಕ್ಕೆ ಹೆಚ್ಚು ಚಾಚದ ಕಾರಣ ಪಕ್ಕದ ಬೆಳೆಯ ನೀರಿಗೂ ಸಾರಕ್ಕೂ ಇದು ಅಷ್ಟಾಗಿ ಪಾಲುಗಾರನಾಗುವುದಿಲ್ಲ. ಹೊಸ ಮೊಳಕೆಗಳು ಹುಟ್ಟುವ ಬುಡ ನೆಲದ ಮಟ್ಟಕ್ಕಿಂತ ತುಸು ಕೆಳಗೆ ಅಡಗಿರುತ್ತದೆ. ಆದ್ದರಿಂದ ದನ ತುಳಿದರೂ ಬೆಂಕಿ ಬಿದ್ದರೂ ಬರ ಬಂದರೂ ಲಾವಂಚ ಮತ್ತೆ ಚಿಗುರುತ್ತದೆ. ಜೌಗಿನಲ್ಲಿಯೂ ಬದುಕುವ, ಒಣಭೂಮಿಯಲ್ಲಿಯೂ ಬದುಕುವ ಅಪರೂಪದ ಶಕ್ತಿ ಇದಕ್ಕಿದೆ.

ಇಳಿಜಾರಿಗೆ ಅಡ್ಡಲಾಗಿ ಈ ಹುಲ್ಲನ್ನು ಒತ್ತಾಗಿ ನೆಟ್ಟರೆ ಎರಡು ಮೂರು ಮಳೆಗಾಲಗಳಲ್ಲಿ ಬುಡಗಳು ಒಂದಕ್ಕೊಂದು ಕೂಡಿಕೊಂಡು ಸಂದಿಲ್ಲದ ಗೋಡೆಯಾಗುತ್ತವೆ. ಹರಿದು ಬಂದ ನೀರನ್ನು ಈ ಗೋಡೆ ಪೂರ್ತಿಯಾಗಿ ನಿಲ್ಲಿಸುವುದಿಲ್ಲ, ಸೋಸಿ ಬಿಡುತ್ತದೆ. ನೀರು ಗರಿಗಳ ನಡುವೆ ನುಸುಳಬೇಕಾಗಿ ವೇಗವನ್ನು ಕಳೆದುಕೊಳ್ಳುತ್ತದೆ. ವೇಗ ಕುಗ್ಗಿದೊಡನೆ ಅದರ ಹೊರುವ ಶಕ್ತಿಯೂ ಕುಗ್ಗಿ, ಹೊತ್ತು ತಂದ ಮಣ್ಣನ್ನು ಸಾಲಿನ ಮೇಲ್ಗಡೆಯೇ ಇಳಿಸಿಬಿಡುತ್ತದೆ. ನಿಧಾನವಾದ ನೀರಿಗೆ ಇಂಗಲು ಸಮಯ ಸಿಗುತ್ತದೆ. ಹೀಗೆ ವರ್ಷ ವರ್ಷವೂ ಮಣ್ಣು ತುಂಬಿಕೊಂಡಂತೆ ಹುಲ್ಲಿನ ಬುಡ ಅದರಲ್ಲಿ ಹೂತುಹೋಗುವುದಿಲ್ಲ. ಗೆಣ್ಣುಗಳಿಂದ ಹೊಸ ಬೇರನ್ನು ಬಿಟ್ಟು ತಾನೂ ಮೇಲೇರುತ್ತದೆ. ಕಾಲಕ್ರಮದಲ್ಲಿ ಇಳಿಜಾರು ಹೊಲವು ಮೆಟ್ಟಿಲು ಮೆಟ್ಟಿಲಾದ ಮಟ್ಟಸ ಹೊಲವಾಗುತ್ತದೆ. ಆ ಮೆಟ್ಟಿಲನ್ನು ಕಟ್ಟಿದ್ದು ಗುದ್ದಲಿಯಲ್ಲ. ಒಂದು ಹುಲ್ಲು ಮತ್ತು ಮಣ್ಣನ್ನು ಕದ್ದೊಯ್ಯಲು ಬಂದ ಅದೇ ನೀರು.

ಇಷ್ಟು ಗಟ್ಟಿಯಾದ ಹುಲ್ಲು ಹೊಲಕ್ಕೆಲ್ಲ ಹಬ್ಬಿ ಕಳೆಯಾಗುವುದಿಲ್ಲವೇ ಎಂಬ ಸಂಶಯ ಸಹಜ. ಗರಿಕೆಯಂತೆ ನೆಲದ ಮೇಲೆ ಹರಿದು ಬೇರೂರುವ ಕುಡಿಯಾಗಲಿ, ಜೇಕಿನಂತೆ ನೆಲದೊಳಗೆ ಹಬ್ಬುವ ಗೆಡ್ಡೆಯಾಗಲಿ ಲಾವಂಚಕ್ಕೆ ಇಲ್ಲ. ಇದರಲ್ಲಿ ಎರಡು ಬಗೆಗಳುಂಟು. ಉತ್ತರ ಭಾರತದ ಕಾಡುಬಗೆ ಬೀಜ ಕಟ್ಟಿ ಹರಡಬಲ್ಲದು. ದಕ್ಷಿಣ ಭಾರತದಲ್ಲಿ ಸಾಗುವಳಿಯಲ್ಲಿರುವ ಬಗೆ ಹೂಬಿಟ್ಟರೂ ಮೊಳೆಯುವ ಬೀಜವನ್ನು ಕೊಡುವುದಿಲ್ಲವೆಂದೇ ಹೇಳಬಹುದು. ಆದ್ದರಿಂದ ಬೇಲಿಗೆ ದಕ್ಷಿಣದ ಬಗೆಯನ್ನೇ ಆರಿಸಬೇಕು. ನೆಟ್ಟಲ್ಲಿಯೇ ನಿಲ್ಲುವುದು ಅದರ ಗುಣ.

ಲಾವಂಚದ ಬೇಲಿಯನ್ನು ಬೆಳೆಸುವ ಕ್ರಮ ಸರಳವಾದುದು. ಬೀಜವಿಲ್ಲದ ಕಾರಣ ತೆಂಡೆಗಳಿಂದಲೇ ವಂಶ ಬೆಳೆಸಬೇಕು. ನೀರಿನ ಅನುಕೂಲವಿರುವ, ಬಿಸಿಲು ಚೆನ್ನಾಗಿ ಬೀಳುವ ಜಾಗದಲ್ಲಿ ಮೊದಲು ಸಸಿಮಡಿ ಮಾಡಿಕೊಳ್ಳಬೇಕು. ಬಲಿತ ಪೊದೆಯನ್ನು ಗುದ್ದಲಿಯಿಂದ ಅಗೆದು ತೆಗೆದು, ಎರಡು ಮೂರು ತೆಂಡೆಗಳಿರುವ ಹಿಡಿಗಳಾಗಿ ಬಿಡಿಸಬೇಕು. ಗರಿಗಳನ್ನು ಬುಡದಿಂದ ೧೫ರಿಂದ ೨೦ ಸೆಂಟಿಮೀಟರ್ ಉಳಿಸಿ, ಬೇರನ್ನು ಸುಮಾರು ೧೦ ಸೆಂಟಿಮೀಟರ್ ಉಳಿಸಿ ಕತ್ತರಿಸಬೇಕು. ಗರಿ ಕಡಿಮೆಯಾದರೆ ನೀರು ಆವಿಯಾಗುವುದು ತಗ್ಗಿ ಸಸಿ ಒಣಗದೆ ಉಳಿಯುತ್ತದೆ. ಬಿಡಿಸಿದ ಹಿಡಿಗಳನ್ನು ನೆಡುವವರೆಗೆ ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಿನಲ್ಲಿ ಇಡಬೇಕು.

ಮುಂದಿನ ಕೆಲಸ ಸಾಲನ್ನು ಗುರುತಿಸುವುದು. ಸಾಲು ಇಳಿಜಾರಿಗೆ ಅಡ್ಡಲಾಗಿ, ಉದ್ದಕ್ಕೂ ಒಂದೇ ಎತ್ತರದಲ್ಲಿ ಸಾಗಬೇಕು. ಹೀಗೆ ಒಂದೇ ಎತ್ತರದಲ್ಲಿರುವ ಜಾಗಗಳನ್ನು ಕೂಡಿಸುವ ಗೆರೆಗೆ ಸಮೋನ್ನತ ರೇಖೆ ಎಂದು ಹೆಸರು. ಇದನ್ನು ಕಂಡುಹಿಡಿಯಲು ಬೆಲೆಬಾಳುವ ಉಪಕರಣ ಬೇಕಿಲ್ಲ. ಸಮಾನ ಉದ್ದದ ಎರಡು ಗಳುಗಳ ತುದಿಗಳನ್ನು ಜೋಡಿಸಿ ಕಟ್ಟಿ, ಕಾಲುಗಳನ್ನು ಎರಡು ಮೀಟರ್ ಅಗಲಿಸಿ, ನಡುವೆ ಅಡ್ಡಪಟ್ಟಿಯೊಂದನ್ನು ಕಟ್ಟಬೇಕು. ಮೇಲಿನ ತುದಿಯಿಂದ ದಾರದಲ್ಲಿ ಕಲ್ಲೊಂದನ್ನು ತೂಗುಬಿಡಬೇಕು. ಚೌಕಟ್ಟನ್ನು ನಿಲ್ಲಿಸಿ, ದಾರವು ಅಡ್ಡಪಟ್ಟಿಯನ್ನು ಮುಟ್ಟುವಲ್ಲಿ ಗುರುತು ಮಾಡಬೇಕು; ಕಾಲುಗಳ ಜಾಗವನ್ನು ಅದಲುಬದಲು ಮಾಡಿ ಮತ್ತೊಂದು ಗುರುತು ಮಾಡಬೇಕು. ಈ ಎರಡು ಗುರುತುಗಳ ನಡುವಣ ಮಧ್ಯಬಿಂದುವೇ ಸಮಮಟ್ಟದ ಗುರುತು. ದಾರವು ಆ ಬಿಂದುವಿನ ಮೇಲೆ ನಿಂತಾಗ ಎರಡು ಕಾಲುಗಳೂ ಒಂದೇ ಎತ್ತರದಲ್ಲಿರುತ್ತವೆ. ಹೀಗೆ ಹೆಜ್ಜೆ ಹೆಜ್ಜೆಗೂ ಗೂಟ ನೆಡುತ್ತ ಹೋದರೆ ಹೊಲದ ಉದ್ದಕ್ಕೂ ಗೆರೆ ಸಿದ್ಧವಾಗುತ್ತದೆ.

ಒಂದು ಸಾಲಿಗೂ ಅದರ ಕೆಳಗಿನ ಸಾಲಿಗೂ ನಡುವೆ ನೆಲವು ಒಂದರಿಂದ ಎರಡು ಮೀಟರಿನಷ್ಟು ಇಳಿದಿರುವುದು ಸೂಕ್ತ. ಒಂದು ಮೀಟರ್ ಇಳಿತವನ್ನು ಇಟ್ಟುಕೊಂಡರೆ ಲೆಕ್ಕ ಸುಲಭ. ನೂರು ಮೀಟರಿಗೆ ಐದು ಮೀಟರ್ ಇಳಿಯುವ ಹೊಲದಲ್ಲಿ ೨೦ ಮೀಟರಿಗೊಂದು ಸಾಲು, ಎರಡು ಮೀಟರ್ ಮಾತ್ರ ಇಳಿಯುವ ಹೊಲದಲ್ಲಿ ೫೦ ಮೀಟರಿಗೊಂದು ಸಾಲು ಬರುತ್ತದೆ.

ಮುಂಗಾರು ಚೆನ್ನಾಗಿ ಹಿಡಿದು ನೆಲ ಆಳದವರೆಗೆ ನೆನೆದಾಗ, ಗುರುತಿಸಿದ ಗೆರೆಯ ಮೇಲೆ ನೇಗಿಲಿನಿಂದ ಒಂದು ಸಾಲು ಹೊಡೆದು ನಾಟಿ ಮಾಡಬೇಕು. ಹಿಡಿಯಿಂದ ಹಿಡಿಗೆ ೧೦ರಿಂದ ೧೫ ಸೆಂಟಿಮೀಟರ್ ಅಂತರವಿರಬೇಕು. ಬೇರು ಮೇಲ್ಮುಖವಾಗಿ ಮಡಿಚಿಕೊಳ್ಳದಂತೆ ಇರಿಸಿ, ಸುತ್ತಲಿನ ಮಣ್ಣನ್ನು ಗಟ್ಟಿಯಾಗಿ ಒತ್ತಬೇಕು. ೧೦ ಸೆಂಟಿಮೀಟರ್ ಅಂತರದಲ್ಲಿ ನೂರು ಮೀಟರ್ ಉದ್ದದ ಸಾಲಿಗೆ ಸಾವಿರ ಹಿಡಿಗಳು ಬೇಕಾಗುತ್ತವೆ. ಅಂತರವನ್ನು ಹೆಚ್ಚಿಸಿ ಸಸಿ ಉಳಿಸುವ ಆಸೆ ಸಲ್ಲದು. ಸಾಲಿನಲ್ಲಿ ಒಂದು ಬಿರುಕು ಉಳಿದರೂ ನೀರೆಲ್ಲ ಅಲ್ಲಿಗೇ ನುಗ್ಗುತ್ತದೆ. ಆಗ ಬೇಲಿಯಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಆದ್ದರಿಂದ ಮೊದಲ ವರ್ಷದಲ್ಲಿ ಸತ್ತ ಸಸಿಗಳ ಜಾಗವನ್ನು ತಪ್ಪದೆ ತುಂಬಬೇಕು. ಎಳೆಯ ಲಾವಂಚ ನೆರಳನ್ನು ತಾಳದು. ಕಳೆಗಳು ಅದನ್ನು ಮುಚ್ಚದಂತೆ ನೋಡಿಕೊಳ್ಳಬೇಕು. ಬೇರೂರಿದ ಮೇಲೆ ವರ್ಷಕ್ಕೆ ಒಂದೆರಡು ಸಲ ೩೦ರಿಂದ ೫೦ ಸೆಂಟಿಮೀಟರ್ ಎತ್ತರಕ್ಕೆ ಕೊಯ್ದರೆ ತೆಂಡೆಗಳು ಹೆಚ್ಚಿ ಸಾಲು ದಟ್ಟವಾಗುತ್ತದೆ. ಕೊಯ್ದ ಎಳೆಯ ಗರಿ ಮೇವಾಗುತ್ತದೆ. ಬಲಿತ ಗರಿ ಮಾಡಿನ ಹೊದಿಕೆಗೂ ಗಿಡದ ಬುಡಕ್ಕೆ ಮುಚ್ಚಿಗೆಯಾಗಿಯೂ ಬಳಕೆಯಾಗುತ್ತದೆ.

ಲಾವಂಚಕ್ಕೆ ಇನ್ನೊಂದು ಮುಖವಿದೆ. ಅದು ಅದರ ಬೇರಿನ ಪರಿಮಳ. ಬೇಸಿಗೆಯಲ್ಲಿ ಕಿಟಕಿಗೆ ಕಟ್ಟಿ ನೀರು ಚಿಮುಕಿಸುವ ಲಾವಂಚದ ತಟ್ಟಿ, ಬೇರಿನ ಬೀಸಣಿಗೆ, ಕುಡಿಯುವ ನೀರಿನ ಮಡಕೆಗೆ ಹಾಕುವ ಬೇರಿನ ಕಟ್ಟು ಇವು ಹಲವರಿಗೆ ಪರಿಚಿತ. ಬೇರನ್ನು ಹಬೆಯಲ್ಲಿ ಭಟ್ಟಿ ಇಳಿಸಿದರೆ ಸುಗಂಧತೈಲ ದೊರೆಯುತ್ತದೆ. ಈ ತೈಲ ಬೇಗನೆ ಆರಿಹೋಗುವುದಿಲ್ಲ. ಇತರ ಪರಿಮಳಗಳನ್ನೂ ಹಿಡಿದಿಡುತ್ತದೆ. ಆದ್ದರಿಂದಲೇ ಸುಗಂಧದ ಉದ್ಯಮದಲ್ಲಿ ಇದಕ್ಕೆ ಬೆಲೆ. ಬೇರಿಗಾಗಿ ಬೆಳೆಯುವವರು ಮರಳುಮಿಶ್ರಿತ ಸಡಿಲ ಮಣ್ಣನ್ನು ಆರಿಸಿಕೊಳ್ಳುತ್ತಾರೆ. ಹಿಡಿಗಳನ್ನು ಹೆಚ್ಚು ಅಂತರದಲ್ಲಿ ನೆಟ್ಟು, ಒಂದರಿಂದ ಒಂದೂವರೆ ವರ್ಷದ ನಂತರ ಒಣಹವೆಯಲ್ಲಿ ಅಗೆದು ತೆಗೆಯುತ್ತಾರೆ. ನೂರು ಕಿಲೋಗ್ರಾಂ ಒಣಬೇರಿನಿಂದ ದೊರೆಯುವ ತೈಲ ಒಂದು ಕಿಲೋಗ್ರಾಮಿನ ಆಸುಪಾಸು. ಲಖನೌದ ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯಗಳ ಸಂಸ್ಥೆ ತೈಲಕ್ಕಾಗಿ ಸುಧಾರಿತ ತಳಿಗಳನ್ನು ರೂಪಿಸಿದೆ.

ಇಲ್ಲಿಯೇ ಒಂದು ಧರ್ಮಸಂಕಟ ಎದುರಾಗುತ್ತದೆ. ಬೇರು ನೆಲದಲ್ಲಿದ್ದರೆ ಮಣ್ಣು ಉಳಿಯುತ್ತದೆ, ಕೈಗೆ ಹಣ ಬರುವುದಿಲ್ಲ. ಬೇರನ್ನು ಕಿತ್ತರೆ ಹಣ ಬರುತ್ತದೆ, ಮಣ್ಣು ಸಡಿಲವಾಗುತ್ತದೆ. ಲೋಕದಲ್ಲಿ ಲಾವಂಚದ ತೈಲವನ್ನು ಹೇರಳವಾಗಿ ಉತ್ಪಾದಿಸುವ ಹೈಟಿ ದೇಶದಲ್ಲಿ ಬಡ ರೈತರು ಗುಡ್ಡದ ಇಳಿಜಾರುಗಳಲ್ಲಿ ಬೇರನ್ನು ಅಗೆಯುವುದರಿಂದ, ಅದೇ ಹುಲ್ಲು ಕಾಯಬೇಕಾಗಿದ್ದ ಮಣ್ಣು ಮಳೆಗೆ ಕೊಚ್ಚಿಹೋಗುವುದುಂಟು. ಹಸಿದವನಿಗೆ ಇಂದಿನ ಕೂಳು ಮುಖ್ಯ; ನಾಳಿನ ಮಣ್ಣನ್ನು ಅವನು ನೆನೆಯದಿದ್ದರೆ ದೂರುವಂತಿಲ್ಲ. ಇದಕ್ಕೆ ವಿವೇಕದ ಪರಿಹಾರವೆಂದರೆ ಎರಡನ್ನೂ ಬೇರ್ಪಡಿಸುವುದು. ಪರಿಮಳದ ಲಾವಂಚಕ್ಕೆ ಮಟ್ಟಸವಾದ ಮರಳುನೆಲವೇ ಸರಿ. ಇಳಿಜಾರಿನ ಬೇಲಿಯ ಬೇರನ್ನು ಎಂದಿಗೂ ಅಗೆಯಬಾರದು.

ಭಾರತದ ಈ ಹುಲ್ಲಿನ ಕಾವಲುಗುಣವನ್ನು ಹೊರಲೋಕ ಅರಿತ ಬಗೆ ಸ್ವಾರಸ್ಯಕರವಾಗಿದೆ. ೧೯೫೦ರ ದಶಕದಲ್ಲಿ ಫಿಜಿ ದ್ವೀಪದ ಕಬ್ಬಿನ ತೋಟಗಳಲ್ಲಿ ಜಾನ್ ಗ್ರೀನ್‌ಫೀಲ್ಡ್ ಎಂಬ ತಜ್ಞನು ಲಾವಂಚದ ಸಾಲುಗಳಿಂದ ಇಳಿಜಾರಿನ ಮಣ್ಣನ್ನು ರಕ್ಷಿಸಿದನು. ೧೯೮೦ರ ದಶಕದಲ್ಲಿ ಅವನೂ ರಿಚರ್ಡ್ ಗ್ರಿಮ್‌ಶಾ ಎಂಬವನೂ ವಿಶ್ವಬ್ಯಾಂಕಿನ ಪರವಾಗಿ ಭಾರತದಲ್ಲಿ ಕೆಲಸ ಮಾಡುತ್ತ ಈ ವಿಧಾನವನ್ನು ಪ್ರಚಾರಕ್ಕೆ ತಂದರು. ಹೊಸದೆಂದು ಅವರು ಹೇಳುತ್ತಿದ್ದುದನ್ನು ಗುಂಡ್ಲುಪೇಟೆಯ ರೈತರು ಆಗಲೇ ಆಚರಣೆಯಲ್ಲಿ ಇಟ್ಟಿದ್ದರು. ೧೯೯೩ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಈ ಹುಲ್ಲಿನ ಬಗೆಗೆ ಒಂದು ಗ್ರಂಥವನ್ನೇ ಹೊರತಂದಿತು. ಥಾಯ್ಲೆಂಡಿನ ದೊರೆ ಭೂಮಿಬೋಲ್ ೧೯೯೧ರಿಂದ ಇದರ ಬಳಕೆಗೆ ಒತ್ತಾಸೆಯಾಗಿ ನಿಂತನು. ಇಂದು ಅನೇಕ ದೇಶಗಳಲ್ಲಿ ಹೊಲಗಳಿಗಷ್ಟೇ ಅಲ್ಲದೆ ರಸ್ತೆಯ ದಿಬ್ಬಗಳ, ಕಾಲುವೆಯ ಏರಿಗಳ ರಕ್ಷಣೆಗೂ ಲಾವಂಚವನ್ನು ನೆಡುತ್ತಾರೆ.

ಲಾವಂಚವು ಎಲ್ಲ ರೋಗಕ್ಕೂ ಒಂದೇ ಮದ್ದಲ್ಲ. ದಟ್ಟವಾದ ನೆರಳಿನಲ್ಲಿ ಅದು ಸೊರಗುತ್ತದೆ. ಕೊರೆಯುವ ಹಿಮದ ನಾಡುಗಳಲ್ಲಿ ಸಾಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಒಬ್ಬನೇ ನೆಟ್ಟರೆ ಅದರ ಫಲ ಅರೆಯಾಗುತ್ತದೆ. ಇಳಿಜಾರಿನ ಮೇಲ್ಭಾಗದ ಹೊಲದಿಂದ ನುಗ್ಗುವ ನೀರು ಕೆಳಗಿನವನ ಹೊಲವನ್ನು ಕೊರೆಯುತ್ತದೆ. ಪಹಣಿಯಲ್ಲಿ ಬರೆದ ಎಲ್ಲೆಯನ್ನು ನೀರು ಓದುವುದಿಲ್ಲ. ಗುಡ್ಡದ ನೆತ್ತಿಯಿಂದ ಹಳ್ಳದ ದಡದವರೆಗೆ ಇರುವ ರೈತರೆಲ್ಲರೂ ಕೂಡಿ ನೆಟ್ಟಾಗ ಮಾತ್ರ ಊರಿನ ಮಣ್ಣು ಊರಿನಲ್ಲಿಯೇ ಉಳಿಯುತ್ತದೆ. ಬಿಡಿಬಿಡಿಯಾಗಿ ನಿಂತ ತೆಂಡೆಗಳ ನಡುವೆ ನೀರು ನುಗ್ಗುತ್ತದೆ. ಒಂದನ್ನೊಂದು ಅಪ್ಪಿ ನಿಂತ ತೆಂಡೆಗಳು ಪ್ರವಾಹವನ್ನು ಪಳಗಿಸುತ್ತವೆ. ಆ ಹುಲ್ಲಿನ ಸಾಲಿಗೆ ಸಲ್ಲುವ ಮಾತು ಅದನ್ನು ನೆಡುವ ಊರಿಗೂ ಸಲ್ಲುತ್ತದೆ.

ಪದಗಳ ಅರ್ಥ

ಉಪೇಕ್ಷೆ – ಕಡೆಗಣಿಸುವುದು
ಬಹುವಾರ್ಷಿಕ – ಹಲವು ವರ್ಷ ಬಾಳುವ
ತೆಂಡೆ – ಹುಲ್ಲಿನ ಬುಡದಿಂದ ಒಡೆಯುವ ಕವಲು
ಸಮೋನ್ನತ – ಒಂದೇ ಎತ್ತರದ
ಧರ್ಮಸಂಕಟ – ಎರಡರಲ್ಲಿ ಯಾವುದನ್ನು ಮಾಡಬೇಕೆಂದು ತೋಚದ ಸ್ಥಿತಿ

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
೧. ಲಾವಂಚದ ಬೇರಿಗೆ ಸಂಸ್ಕೃತದಲ್ಲಿ ಏನೆಂದು ಹೆಸರು?
೨. ಬೇಲಿಗೆ ದಕ್ಷಿಣ ಭಾರತದ ಬಗೆಯನ್ನೇ ಆರಿಸಬೇಕು, ಏಕೆ?
೩. ನೆಡುವ ಮೊದಲು ಗರಿಗಳನ್ನು ಕತ್ತರಿಸುವುದು ಏತಕ್ಕೆ?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
೧. ಇಳಿಜಾರು ಹೊಲವು ಕಾಲಕ್ರಮದಲ್ಲಿ ಮಟ್ಟಸವಾಗುವುದು ಹೇಗೆ?
೨. ಮಣ್ಣಿನ ಒಡ್ಡಿಗೂ ಲಾವಂಚದ ಬೇಲಿಗೂ ಇರುವ ವ್ಯತ್ಯಾಸಗಳೇನು?
೩. ಲಾವಂಚದ ಬೇರು ರೈತನನ್ನು ಎಂಥ ಧರ್ಮಸಂಕಟಕ್ಕೆ ಸಿಲುಕಿಸುತ್ತದೆ?

ಇ) ಲೆಕ್ಕ ಮಾಡಿರಿ.
ನೂರು ಮೀಟರಿಗೆ ನಾಲ್ಕು ಮೀಟರ್ ಇಳಿಯುವ ಹೊಲದಲ್ಲಿ, ಸಾಲುಗಳ ನಡುವೆ ಒಂದು ಮೀಟರ್ ಇಳಿತವಿರುವಂತೆ ಎಷ್ಟು ಮೀಟರಿಗೊಂದು ಸಾಲನ್ನು ನೆಡಬೇಕು?

ಈ) ಸಂದರ್ಭವನ್ನು ವಿವರಿಸಿರಿ.
೧. "ಆ ಕೆಂಪು ಬಣ್ಣವೇ ರೈತನ ಸಂಪತ್ತು."
೨. "ಪಹಣಿಯಲ್ಲಿ ಬರೆದ ಎಲ್ಲೆಯನ್ನು ನೀರು ಓದುವುದಿಲ್ಲ."

ಉ) ಚಟುವಟಿಕೆ.
ಮಳೆ ಬಂದಾಗ ಶಾಲೆಯ ಆವರಣದಿಂದ ಹರಿದುಹೋಗುವ ನೀರನ್ನು ಗಾಜಿನ ಲೋಟದಲ್ಲಿ ಹಿಡಿದಿಟ್ಟು, ಮರುದಿನ ತಳದಲ್ಲಿ ನಿಂತ ಮಣ್ಣನ್ನು ಅಳೆದು ಬರೆಯಿರಿ. ಹುಲ್ಲು ಬೆಳೆದ ನೆಲದಿಂದ ಬಂದ ನೀರನ್ನೂ ಬರಿಯ ನೆಲದಿಂದ ಬಂದ ನೀರನ್ನೂ ಹೋಲಿಸಿರಿ.